ಇಂಕ್ರಿಮೆಂಟ್ ಪತ್ರದಲ್ಲಿ ತಾರೀಖು ನೋಡಿ

ನರಸಾಪುರ, ವೇಮಗಲ್, ಮಾಲೂರು ಕಡೆ ಫ್ಯಾಕ್ಟರಿಗೆ ಹೋಗುವವರು ಇದನ್ನೊಮ್ಮೆ ಓದಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. 2017ರ ಜನವರಿಯಲ್ಲಿ ಹಾಕಿದ ಗೆರೆ ಅದು. ಅಲ್ಲಿಂದೀಚೆಗೆ ಬೇಳೆ, ಎಣ್ಣೆ, ಮನೆ ಬಾಡಿಗೆ ಎಲ್ಲಿಗೆ ಹೋಗಿದೆ ಅಂತ ಹೇಳಬೇಕಿಲ್ಲ.

20,800 ಸಂಬಳಕ್ಕೆ ನಿಮ್ಮಿಂದ ಹಿಡಿಯೋದು ಶೇ 0.75, ಅಂದರೆ 156 ರೂಪಾಯಿ. ಕಂಪನಿ ಶೇ 3.25ರಂತೆ 676 ಕಟ್ಟುತ್ತೆ. ಅಷ್ಟರಲ್ಲಿ ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನ ಚಿಕಿತ್ಸೆಯೂ ನಡೆಯುತ್ತೆ. ಐನೂರು ರೂಪಾಯಿ ಹೆಚ್ಚಾಗಿ 21,300 ಆಯಿತೋ, ಇದಿಷ್ಟೂ ಕೈತಪ್ಪುತ್ತೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಯಾವಾಗ ಕೈತಪ್ಪುತ್ತೆ ಅನ್ನೋದು ತಾರೀಖಿನ ಮೇಲಿದೆ. ವಂತಿಗೆಗೆ ಎರಡು ಅವಧಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜೂನ್‌ನಲ್ಲಿ ಸಂಬಳ ಮಿತಿ ದಾಟಿದರೆ ಸೆಪ್ಟೆಂಬರ್ 30ರವರೆಗೂ ನೀವು ಒಳಗೇ ಇರ್ತೀರಿ, 21,300ಕ್ಕೆ ವಂತಿಗೆ 160 ರೂಪಾಯಿ ಆಗುತ್ತೆ. ಜೂನ್‌ನಲ್ಲೇ ಕಡಿತ ನಿಲ್ಲಿಸಿದ್ದರೆ ಅದು ತಪ್ಪು, ಸಂಬಳದ ಚೀಟಿ ಹಿಡಿದು ಕೇಳಿ. ಹೆಚ್ಚಳ ಏಪ್ರಿಲ್ 1 ಅಥವಾ ಅಕ್ಟೋಬರ್ 1ರಿಂದಲೇ ಜಾರಿಯಾದರೆ ಮಾತ್ರ ಅವತ್ತಿನಿಂದಲೇ ಹೊರಗೆ. ಏಪ್ರಿಲ್‌ನಲ್ಲಿ ಇಂಕ್ರಿಮೆಂಟ್ ಕೊಡುವ ಕಡೆಯೆಲ್ಲ ಹೊಡೆತ ಬೀಳೋದು ಹೀಗೆ.

ಓಟಿ ವಿಚಾರದಲ್ಲೂ ಗೊಂದಲವಿದೆ. 20,600 ಸಂಬಳದ ಜೊತೆ 2,400 ಓಟಿ ಬಂತು ಅಂದುಕೊಳ್ಳಿ. ಮಿತಿ ನೋಡುವಾಗ ಓಟಿ ಸೇರಿಸೋ ಹಾಗಿಲ್ಲ, ವಂತಿಗೆ ಮಾತ್ರ 23,000ಕ್ಕೆ ಹಿಡೀತಾರೆ, 173 ರೂಪಾಯಿ. ಓಟಿ ತೋರಿಸಿ ಹೊರಗೆ ಹಾಕಿದರೆ ಒಪ್ಪಬೇಡಿ.

ಹೊರಗೆ ಬಂದ ಮೇಲೂ ಕಾರ್ಡ್ ಎಸೆಯಬೇಡಿ. ಅಕ್ಟೋಬರ್–ಮಾರ್ಚ್‌ನಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಅದರ ಸೌಲಭ್ಯ ಜುಲೈನಿಂದ ಡಿಸೆಂಬರ್‌ವರೆಗೆ ಸಿಗುತ್ತೆ.

ಆಮೇಲೆ ಉಳಿಯೋದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಆದರೆ ಬಿಪಿಎಲ್ ಆದಾಯ ಮಿತಿ ವರ್ಷಕ್ಕೆ 1.2 ಲಕ್ಷ, ಈ ಸಂಬಳದವರು ಅದನ್ನು ಎಂದೋ ದಾಟಿರ್ತಾರೆ. ಎಪಿಎಲ್‌ನವರಿಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ 30 ಮಾತ್ರ. 90,000ದ ಆಪರೇಷನ್‌ಗೆ 27,000 ಬರುತ್ತೆ, 63,000 ನೀವೇ ಹೊಂದಿಸಬೇಕು. ಹಳ್ಳಿಯಲ್ಲಿ ಹಾಲಿನ ಡೇರಿ ಸದಸ್ಯತ್ವ ಇದ್ದರೆ ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿಗೆ ನೋಂದಣಿ ಯಾವಾಗ ಅಂತ ಕಾರ್ಯದರ್ಶಿಯನ್ನು ವಿಚಾರಿಸಿ.

ಖಾಸಗಿ ಪಾಲಿಸಿ ತಗೊಳ್ಳೋದಾದರೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಇಎಸ್‌ಐ ಸೌಲಭ್ಯ ಡಿಸೆಂಬರ್‌ಗೆ ಮುಗಿಯೋದಾದರೆ ಪಾಲಿಸಿಯನ್ನು ಜುಲೈನಲ್ಲೇ ಮಾಡಿಸಿ. ಅಪ್ಪ ಅಮ್ಮನ ಕಾಯಿಲೆಗಳನ್ನೂ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.