ಕಂಡುಬಂದಿಲ್ಲ ಅಂದ್ರೆ ಇಲ್ಲ ಅಂತಾನಾ? ಕಾಡುಜಿಂಕೆಗಳ ರೋಗಪರೀಕ್ಷೆ: ಪರ ಮತ್ತು ವಿರೋಧ

ಅಮೆರಿಕದ ಕೊಲರಾಡೊದಲ್ಲಿ ಸಂಶೋಧನೆಗೆ ಅಂತ ಸಾಕಿದ್ದ ಮ್ಯೂಲ್ ಜಿಂಕೆಗಳು 1967ರಲ್ಲಿ ಸೊರಗತೊಡಗಿದವು. ಮೇವಿಗೆ ಕೊರತೆ ಇರಲಿಲ್ಲ. ಆದರೂ ಮೈ ಇಳಿಯಿತು, ಬಾಯಿಂದ ಜೊಲ್ಲು ಸುರಿಯಿತು, ತಲೆ ಜೋತುಬಿತ್ತು, ಕೊನೆಗೆ ಸತ್ತವು. ಏನಿದು ಅಂತ ತಿಳಿಯಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಎಲಿಜಬೆತ್ ವಿಲಿಯಮ್ಸ್ ಎಂಬ ಪಶುವೈದ್ಯೆ ಆ ಜಿಂಕೆಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕುರಿಗಳಿಗೆ ಬರುವ ಸ್ಕ್ರೇಪಿ ರೋಗದಲ್ಲಿ ಇರುವಂಥದೇ ತೂತುಗಳು ಕಂಡವು. ಹುಚ್ಚು ಹಸು ರೋಗವೂ ಇದೇ ಗುಂಪಿನದು.

ಇದರ ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಚಿಕ್ಕದಾಗಿ ಸಿಡಬ್ಲ್ಯುಡಿ. ಇದಕ್ಕೆ ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನು, ಪ್ರಿಯಾನ್. ಔಷಧಿ ಇಲ್ಲ, ಲಸಿಕೆ ಇಲ್ಲ. ಹಿಡಿದ ಜಿಂಕೆ ಉಳಿಯುವುದಿಲ್ಲ. ಮಣ್ಣಿಗೆ ಸೇರಿದ ಪ್ರಿಯಾನ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಇವತ್ತು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ, ಕೆನಡಾದಲ್ಲಿ, ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಇದು ಪತ್ತೆಯಾಗಿದೆ.

ಹೆಚ್ಚಿನ ಪರೀಕ್ಷೆ ನಡೆಯುವುದು ಬೇಟೆಯಾದ ಜಿಂಕೆಗಳ ತಲೆಯಿಂದ. ಆ ತಲೆಗಳನ್ನು ನಂಬಿ ಒಂದು ಇಡೀ ಕಾಡಿನ ಬಗ್ಗೆ ತೀರ್ಮಾನ ಮಾಡಬಹುದೇ? ಎರಡೂ ಕಡೆಯ ವಾದವನ್ನು ಕೆಳಗೆ ಬರೆದಿದ್ದೇನೆ. ನನ್ನ ಮನಸ್ಸು ಯಾವ ಕಡೆ ವಾಲುತ್ತದೆ ಅನ್ನುವುದನ್ನು ಮುಚ್ಚಿಟ್ಟಿಲ್ಲ. ಆದರೆ ಮೊದಲನೆಯ ವಾದ ದುರ್ಬಲ ಅಂತ ಯಾರೂ ಅಂದುಕೊಳ್ಳಬಾರದು.

ಪರ: ನಂಬಬಹುದು, ನಂಬಿದ್ದರಿಂದಲೇ ಕೆಲವು ಕಾಡುಗಳು ಉಳಿದಿವೆ

ಮೊದಲು ಪ್ರಯೋಗಾಲಯದ ಒಳಗೆ ಏನಾಗುತ್ತದೆ ನೋಡೋಣ. ಜಿಂಕೆಯ ಗಂಟಲ ಹಿಂದಿನ ದುಗ್ಧಗ್ರಂಥಿಯ (ಲಿಂಫ್ ನೋಡ್) ಒಂದು ಚೂರನ್ನು ಅರೆದು ರಸ ಮಾಡುತ್ತಾರೆ. ಅದಕ್ಕೆ ಪ್ರೋಟೀನುಗಳನ್ನು ಕರಗಿಸುವ ಕಿಣ್ವ ಹಾಕುತ್ತಾರೆ. ಸರಿಯಾಗಿ ಮಡಚಿಕೊಂಡ ಪ್ರೋಟೀನು ಕರಗಿ ಹೋಗುತ್ತದೆ, ಪ್ರಿಯಾನ್ ಮಾತ್ರ ಹಟ ಹಿಡಿದು ಉಳಿಯುತ್ತದೆ. ಉಳಿದದ್ದನ್ನು 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಹಾಕಿದರೆ ಪ್ರತಿಕಾಯಗಳು (ಆಂಟಿಬಾಡಿಗಳು) ಅದನ್ನು ಹಿಡಿದುಕೊಳ್ಳುತ್ತವೆ. ಪ್ರಿಯಾನ್ ಇದ್ದ ಗುಳಿ ಹಳದಿಯಾಗುತ್ತದೆ, ಇಲ್ಲದ್ದು ಬಣ್ಣವಿಲ್ಲದೆ ಉಳಿಯುತ್ತದೆ. ಎಷ್ಟು ಹಳದಿ ಅನ್ನುವುದನ್ನು ಯಂತ್ರ ಅಳೆಯುತ್ತದೆ. ಪ್ರತಿ ತಟ್ಟೆಯಲ್ಲೂ ಉತ್ತರ ಮೊದಲೇ ಗೊತ್ತಿರುವ ಕೆಲವು ಗುಳಿಗಳಿರುತ್ತವೆ. ಅವು ತಪ್ಪಾದರೆ ಇಡೀ ತಟ್ಟೆಯನ್ನೇ ಬಿಟ್ಟು ಮತ್ತೆ ಮಾಡುತ್ತಾರೆ. ಇದು ಎಲೈಸಾ.

ಹಳದಿ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಂದು ಲೆಕ್ಕ ಹಾಕಿ. ರೋಗವಿಲ್ಲದ ಸಾವಿರ ಜಿಂಕೆಗಳಲ್ಲಿ ಒಂದಕ್ಕೆ ಯಂತ್ರ ತಪ್ಪಾಗಿ ಹಳದಿ ತೋರಿಸುತ್ತದೆ ಅಂತಲೇ ಇಟ್ಟುಕೊಳ್ಳೋಣ. 10,000 ಜಿಂಕೆಗಳಿರುವ ಕಾಡಿನಲ್ಲಿ ನಿಜವಾಗಿ ರೋಗ ಇರುವುದು 10ಕ್ಕೆ ಮಾತ್ರ ಅಂದುಕೊಳ್ಳಿ. ಎಲ್ಲವನ್ನೂ ಪರೀಕ್ಷಿಸಿದರೆ ಸುಮಾರು 20 ಹಳದಿ ಗುಳಿಗಳು ಬರುತ್ತವೆ, ಅದರಲ್ಲಿ ಅರ್ಧ ಸುಳ್ಳು! ಅದಕ್ಕೇ ಎರಡನೆಯ ಪರೀಕ್ಷೆ ಇರುವುದು. ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟಿದ್ದ ಇನ್ನೊಂದು ಚೂರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಪ್ರಿಯಾನ್ ಗ್ರಂಥಿಯ ಯಾವ ಭಾಗದಲ್ಲಿ ಕೂತಿದೆ ಅಂತ ಪರಿಣತರು ಕಣ್ಣಾರೆ ನೋಡುತ್ತಾರೆ. ಹೊಸ ಜಾಗದಲ್ಲಿ ಮೊದಲ ಸಲ ಸಿಕ್ಕಿದಾಗ ಅಯೋವಾದ ಏಮ್ಸ್‌ನಲ್ಲಿರುವ ರಾಷ್ಟ್ರೀಯ ಪಶು ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳುತ್ತಾರೆ. ಎರಡನ್ನೂ ದಾಟಿ ಬಂದ "ಇದೆ" ಎಂಬ ಉತ್ತರವನ್ನು ಅನುಮಾನಿಸಲು ಕಾರಣವೇ ಇಲ್ಲ.

"ಇಲ್ಲ" ಎಂಬ ಉತ್ತರದ ಕಥೆ ಏನು? ಇಲ್ಲೂ ಧೈರ್ಯ ತುಂಬುವ ವಿಷಯ ಇದೆ. ಮ್ಯೂಲ್ ಜಿಂಕೆಯ ಮರಿಗಳಿಗೆ ಬಾಯಿಯ ಮೂಲಕ ಪ್ರಿಯಾನ್ ಕೊಟ್ಟು ಮಾಡಿದ ಪ್ರಯೋಗದಲ್ಲಿ 42 ದಿನಗಳಲ್ಲೇ ಅದು ಗಂಟಲ ಗ್ರಂಥಿಯಲ್ಲಿ ಕಾಣಿಸಿತು. ಹೊರಗೆ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಎರಡು ವರ್ಷ ಬೇಕು. ಅಂದರೆ ಕಣ್ಣಿಗೆ ಗಟ್ಟಿಮುಟ್ಟಾಗಿ ಕಾಣುವ ಜಿಂಕೆಯಲ್ಲೂ ಪರೀಕ್ಷೆ ರೋಗವನ್ನು ಹಿಡಿಯುತ್ತದೆ. ಕಾಡಿನಲ್ಲಿ ಸೊರಗಿದ ಜಿಂಕೆ ಕಾಣಲಿ ಅಂತ ಕಾಯುವುದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

ಫಲ ಸಿಕ್ಕಿದ್ದೂ ಉಂಟು. ನ್ಯೂಯಾರ್ಕ್ ರಾಜ್ಯದಲ್ಲಿ 2005ರಲ್ಲಿ ಸಾಕಿದ ಜಿಂಕೆಗಳಲ್ಲಿ ರೋಗ ಪತ್ತೆಯಾಯಿತು. ಸುತ್ತಲಿನ ಕಾಡುಜಿಂಕೆಗಳನ್ನು ಪರೀಕ್ಷಿಸಿದಾಗ ಎರಡರಲ್ಲಿ ಸಿಕ್ಕಿತು. ತಡಮಾಡದೆ ಕ್ರಮ ತೆಗೆದುಕೊಂಡರು. ಮುಂದಿನ ವರ್ಷಗಳಲ್ಲಿ ಸಾವಿರಾರು ಕಾಡುಜಿಂಕೆಗಳನ್ನು ನೋಡಿದರೂ ಮತ್ತೆ ಸಿಗಲಿಲ್ಲ. ಮಿನೆಸೋಟದ ಪೈನ್ ಐಲೆಂಡ್ ಹತ್ತಿರ 2010ರ ಕೊನೆಗೆ ಬೇಟೆಯಾದ ಒಂದೇ ಒಂದು ಜಿಂಕೆಯಲ್ಲಿ ರೋಗ ಕಂಡಿತು. ಸುತ್ತಲಿನ ಸಾವಿರಕ್ಕೂ ಹೆಚ್ಚು ಜಿಂಕೆಗಳನ್ನು ಕೊಂದು ಪರೀಕ್ಷಿಸಿದರು, ಎರಡನೆಯದು ಸಿಗಲಿಲ್ಲ.

ಇನ್ನು ಊಟದ ಮಾತು. ಈ ರೋಗ ಮನುಷ್ಯರಿಗೆ ಬಂದ ಉದಾಹರಣೆ ಇದುವರೆಗೆ ಇಲ್ಲ. ಆದರೂ ರೋಗವಿದೆ ಅಂತ ತಿಳಿದ ಜಿಂಕೆಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ಆರೋಗ್ಯ ಇಲಾಖೆ ಹೇಳುತ್ತದೆ. ಪರೀಕ್ಷೆಯೇ ಇಲ್ಲದಿದ್ದರೆ ಆ ಸಲಹೆ ಪಾಲಿಸುವುದಾದರೂ ಹೇಗೆ? ನೂರಕ್ಕೆ ನೂರು ಅಲ್ಲ ಅನ್ನುವ ಒಂದೇ ಕಾರಣಕ್ಕೆ ಇದನ್ನು ಪಕ್ಕಕ್ಕಿಟ್ಟರೆ ಕೈಯಲ್ಲಿ ಉಳಿಯುವುದು ಊಹೆ ಮಾತ್ರ.

ವಿರೋಧ: ಯಂತ್ರ ಸರಿಯಾಗಿದೆ, ಮೇಜಿಗೆ ಬಂದ ತಲೆಗಳ ಕಥೆ ಬೇರೆ

ಮೇಲಿನ ವಾದ ಶುರುವಾಗುವುದು ಚೂರು ಪ್ರಯೋಗಾಲಯಕ್ಕೆ ಬಂದ ಮೇಲೆ. ನಾನು ಅದಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ತಲೆಯನ್ನು ಮೇಜಿನ ಮೇಲೆ ಮೂತಿ ಮೇಲಾಗಿ ಇಟ್ಟಿದ್ದಾರೆ. ಗಂಟಲಿಗೆ ಅಡ್ಡಲಾಗಿ ಆಳವಾಗಿ ಕೊಯ್ಯುತ್ತಾರೆ. ಧ್ವನಿಪೆಟ್ಟಿಗೆಯ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಹೆಬ್ಬೆರಳ ತುದಿಯಷ್ಟಿರುವ ಗ್ರಂಥಿಗಳು. ನುಣುಪು, ಗಟ್ಟಿ, ಮೊಟ್ಟೆಯಾಕಾರ. ಅದರ ಹತ್ತಿರದಲ್ಲೇ ಜೊಲ್ಲಿನ ಗ್ರಂಥಿಯೂ ಇದೆ. ಬಣ್ಣ ಹೆಚ್ಚುಕಡಿಮೆ ಅದೇ, ಆದರೆ ಮೈ ಉಂಡೆ ಉಂಡೆ. ಕೈ ಪಳಗದವರಿಗೆ ಎರಡೂ ಒಂದೇ. ಬೇಟೆಯ ಕಾಲದ ವಾರಾಂತ್ಯ, ಚಳಿ, ತಲೆಗಳ ಸಾಲು, ಕೆಲವು ಹೆಪ್ಪುಗಟ್ಟಿವೆ, ಕೆಲವು ಕೊಳೆಯಲು ಶುರುವಾಗಿವೆ. ಇನ್ನು ಕೆಲವನ್ನು ಬೇಟೆಗಾರ ತೀರಾ ಮೇಲೆ ಕತ್ತರಿಸಿದ್ದಾನೆ, ಬೇಕಾದ ಗ್ರಂಥಿಯೇ ಹೋಗಿಬಿಟ್ಟಿದೆ. ತಪ್ಪಿ ಜೊಲ್ಲಿನ ಗ್ರಂಥಿ ಕೊಯ್ದು ಕಳಿಸಿದರೆ, ಅದನ್ನು ಯಾರೂ ಗಮನಿಸದಿದ್ದರೆ, ತಟ್ಟೆಯ ಗುಳಿ ಬಣ್ಣವಿಲ್ಲದೆ ಉಳಿಯುತ್ತದೆ. ಯಂತ್ರದ ತಪ್ಪಿಲ್ಲ. ಉತ್ತರ ಮಾತ್ರ ತಪ್ಪು.

ಸರಿಯಾದ ಗ್ರಂಥಿ ಅಂದರೆ ಯಾವುದು ಅನ್ನುವುದೂ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ಬಿಳಿಬಾಲದ ಜಿಂಕೆಯಲ್ಲಿ ಮೊದಲು ಗಂಟಲ ಗ್ರಂಥಿ, ಆಮೇಲೆ ಮೆದುಳಿನ ಬುಡ. ಎಲ್ಕ್ ಜಿಂಕೆ ಜಾತಿಯ ಒಂದು ದೊಡ್ಡ ಪ್ರಾಣಿ. ಕೆಲವು ಎಲ್ಕ್‌ಗಳಲ್ಲಿ ಮೆದುಳಿನಲ್ಲಿ ಮಾತ್ರ ಸಿಕ್ಕಿ ಗ್ರಂಥಿಯಲ್ಲಿ ಸಿಗದೇ ಇದ್ದದ್ದುಂಟು. ಮೂಸ್ ಕೂಡ ಜಿಂಕೆ ಜಾತಿಯದೇ. ನಾರ್ವೆಯ ವಯಸ್ಸಾದ ಮೂಸ್‌ಗಳಲ್ಲಂತೂ ಪ್ರಿಯಾನ್ ಕಂಡಿದ್ದು ಮೆದುಳಿನಲ್ಲಿ, ದುಗ್ಧಗ್ರಂಥಿಗಳಲ್ಲಿ ಅಲ್ಲ. ಅದೇ ದೇಶದ ಹಿಮಸಾರಂಗಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಕೆಲವಕ್ಕೆ ಗ್ರಂಥಿಯಲ್ಲಿ ಮಾತ್ರ ಇತ್ತು, ಮೆದುಳು ಇನ್ನೂ ಸರಿಯಿತ್ತು. ಒಂದೇ ಜಾಗ ನೋಡಿ ಕೈತೊಳೆದುಕೊಂಡರೆ ಒಂದಲ್ಲ ಒಂದು ಪ್ರಾಣಿ ತಪ್ಪಿಸಿಕೊಳ್ಳುತ್ತದೆ. ಮೊನ್ನೆ ಮೊನ್ನೆ ಸೋಂಕು ತಗುಲಿದ ಮರಿಯೂ ಹಾಗೇ ತಪ್ಪಿಸಿಕೊಳ್ಳುತ್ತದೆ. 42 ದಿನ ಅನ್ನುವುದು ಪ್ರಯೋಗದಲ್ಲಿ ಬೇಕೆಂದೇ ಪ್ರಿಯಾನ್ ಉಣಿಸಿದ ಮರಿಯ ಲೆಕ್ಕ. ಕಾಡಿನಲ್ಲಿ ಅಷ್ಟು ಪ್ರಮಾಣ ಒಂದೇ ಸಲಕ್ಕೆ ಸಿಗಬೇಕೆಂದೇನೂ ಇಲ್ಲ.

ಇದಿಷ್ಟು ಒಂದೊಂದು ಜಿಂಕೆಯ ಮಾತು. ಇಡೀ ಕಾಡಿನ ಮಾತಿಗೆ ಬಂದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಅರ್ಕನ್ಸಾ ರಾಜ್ಯದಲ್ಲಿ ಏನಾಯಿತು ನೋಡಿ. ಅಲ್ಲಿ ವರ್ಷಗಟ್ಟಲೆ, ಸಾವಿರಾರು ಪ್ರಾಣಿಗಳ ಪರೀಕ್ಷೆ ಆಗಿತ್ತು. ಪ್ರತಿ ಸಲವೂ ರೋಗ ಇಲ್ಲ. 2015ರ ಅಕ್ಟೋಬರಿನಲ್ಲಿ ಬಫಲೋ ನದಿಯ ಹತ್ತಿರ ಒಬ್ಬ ಬೇಟೆಗಾರ ಒಂದು ಎಲ್ಕ್ ಹೊಡೆದ. 2016ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು: ರೋಗ ಇದೆ. ಇದು ಈಗಷ್ಟೇ ಕಾಲಿಟ್ಟಿರಬೇಕು, ಹತ್ತರಲ್ಲೊಂದೋ ನೂರರಲ್ಲೊಂದೋ ಸಿಗಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಮಾರ್ಚಿನಲ್ಲಿ ಅದೇ ಪ್ರದೇಶದ 266 ಬಿಳಿಬಾಲದ ಜಿಂಕೆಗಳನ್ನು ಹೊಡೆದು ನೋಡಿದರು. 62ರಲ್ಲಿ ರೋಗ. ನೂರಕ್ಕೆ 23! ಒಂದು ಚಳಿಗಾಲದಲ್ಲಿ ಇಷ್ಟು ಹಬ್ಬುವ ಕಾಯಿಲೆ ಇದಲ್ಲ. "ಇಲ್ಲ, ಇಲ್ಲ" ಅಂತ ವರದಿ ಬರುತ್ತಿದ್ದ ಅಷ್ಟೂ ವರ್ಷ ಅದು ಆ ಕಣಿವೆಗಳಲ್ಲಿ ತಣ್ಣಗೆ ಬೇರು ಬಿಡುತ್ತಿತ್ತು.

ಹೀಗೆ ಆಗುವುದು ಹೇಗೆ? ಸರಳ ಲೆಕ್ಕ. 300 ಜಿಂಕೆಗಳನ್ನು ಪರೀಕ್ಷಿಸಿ ಒಂದರಲ್ಲೂ ರೋಗ ಸಿಗಲಿಲ್ಲ ಅಂದರೆ, ರೋಗ ನೂರಕ್ಕೆ ಒಂದಕ್ಕಿಂತ ಕಡಿಮೆ ಇದೆ ಅಂತ ಶೇಕಡ 95ರಷ್ಟು ಭರವಸೆಯಿಂದ ಹೇಳಬಹುದು. ಇಷ್ಟೇ ಅದರ ಅರ್ಥ. 30,000 ಜಿಂಕೆಗಳಿರುವ ಜಾಗದಲ್ಲಿ ನೂರಕ್ಕೆ ಒಂದು ಅಂದರೆ ರೋಗ ಇರುವ ಜಿಂಕೆಗಳು 300. ಆ ಭರವಸೆಗೂ ಒಂದು ಷರತ್ತಿದೆ: ಪರೀಕ್ಷಿಸಿದ ಆ 300 ತಲೆಗಳು ಇಡೀ ಕಾಡಿನಿಂದ ಚೀಟಿ ಎತ್ತಿದ ಹಾಗೆ ಬಂದಿರಬೇಕು. ಬೇಟೆಗಾರ ಚೀಟಿ ಎತ್ತುವುದಿಲ್ಲವಲ್ಲ. ರಸ್ತೆಗೆ ಹತ್ತಿರ, ನಡೆಯಲು ಸುಲಭವಾದ ಜಾಗಕ್ಕೆ ಹೋಗುತ್ತಾನೆ. ದೊಡ್ಡ ಕೊಂಬಿನ ಗಂಡು ಬೇಕು ಅಂತ ಕಾಯುತ್ತಾನೆ. ರೋಗವಾದರೋ ಕಾಡಿನ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಕಣಿವೆಯಲ್ಲಿ ಗುಂಪಾಗಿ ಇರುತ್ತದೆ, ಪಕ್ಕದ ಕಣಿವೆಯಲ್ಲಿ ಸುಳಿವೇ ಇರುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ ದೊಡ್ಡ ಗಂಡುಗಳಲ್ಲಿ ಹೆಣ್ಣುಗಳಿಗಿಂತ ಸುಮಾರು ಎರಡು ಪಟ್ಟು ರೋಗ ಕಂಡಿದ್ದಾರೆ. ಹಾಗಾಗಿ ಗಂಡು ತಲೆಗಳೇ ಜಾಸ್ತಿ ಬಂದ ವರ್ಷ ರೋಗ ಏರಿದ ಹಾಗೆ, ಹೆಣ್ಣು ಮರಿಗಳು ಜಾಸ್ತಿ ಬಂದ ವರ್ಷ ಇಳಿದ ಹಾಗೆ ಕಾಣುತ್ತದೆ. ಕಾಡಿನಲ್ಲಿ ಏನೂ ಬದಲಾಗಿರುವುದಿಲ್ಲ.

ಕೊಲರಾಡೊದ ಒಂದು ಅಧ್ಯಯನದಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಮ್ಯೂಲ್ ಜಿಂಕೆಗಳಲ್ಲಿ, ಅದೇ ಪ್ರದೇಶದ ಉಳಿದ ಜಿಂಕೆಗಳಿಗಿಂತ ರೋಗ ಜಾಸ್ತಿ ಇತ್ತು. ರೋಗ ಹಿಡಿದ ಜಿಂಕೆಗೆ ಎಚ್ಚರ ಕಡಿಮೆ, ಓಟ ಕಡಿಮೆ. ಹುಡುಕುವುದೇ ನಿಜವಾದ ಉದ್ದೇಶವಾದರೆ ರಸ್ತೆಯ ಪಕ್ಕ ಬಿದ್ದ ಆ ಜಿಂಕೆಯನ್ನು ಮೊದಲು ಮೇಜಿಗೆ ತರಬೇಕು.

ಪರೀಕ್ಷೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ರೋಗ ಪತ್ತೆಯಾದಾಗ ಒಂದೇ ಬೇಟೆಯ ಋತುವಿನಲ್ಲಿ ಸುಮಾರು 40,000 ಜಿಂಕೆಗಳನ್ನು ನೋಡಿದರು. ಅಂಥ ಶ್ರಮಕ್ಕೆ ಕೈಮುಗಿಯುತ್ತೇನೆ. ಅಲ್ಲಿ ಬೇಟೆಗಾರನಿಗೆ ಕೊಡುವ ಉತ್ತರದಲ್ಲಿ "ರೋಗವಿಲ್ಲ" ಅನ್ನುವ ಬದಲು "ಕಂಡುಬಂದಿಲ್ಲ" ಅಂತ ಬರೆಯುತ್ತಾರೆ. ಪ್ರಾಮಾಣಿಕ ಪದ ಅದು. ಕಾಡಿನ ಬಗ್ಗೆ ಮಾತಾಡುವಾಗಲೂ ಅದೇ ಪದ ಬಳಸಬೇಕು. ಜೊತೆಗೆ ಎಷ್ಟು ತಲೆ, ಯಾವ ವಯಸ್ಸು, ಗಂಡೋ ಹೆಣ್ಣೋ, ಕಾಡಿನ ಯಾವ ಮೂಲೆಯಿಂದ ಬಂದವು, ಗ್ರಂಥಿ ನೋಡಿದಿರೋ ಮೆದುಳೋ ಅನ್ನುವುದನ್ನೂ ಅಲ್ಲೇ ಬರೆಯಬೇಕು.

ನಾರ್ವೆಯವರು ಇದನ್ನು ಕಷ್ಟಪಟ್ಟು ಕಲಿತಿದ್ದಾರೆ. 2016ರಲ್ಲಿ ನೂರ್ಡ್‌ಫ್ಯೆಲ್ಲಾ ಬೆಟ್ಟಗಳಲ್ಲಿ ಒಂದು ಹಿಮಸಾರಂಗಕ್ಕೆ ರೋಗ ಸಿಕ್ಕಿತು. 2018ರ ಹೊತ್ತಿಗೆ ಆ ಭಾಗದ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳ ಇಡೀ ಹಿಂಡನ್ನೇ ಕೊಂದುಬಿಟ್ಟರು. ಎಲ್ಲ ಸೇರಿ ರೋಗ ಇದ್ದದ್ದು 19ಕ್ಕೆ. ಇನ್ನು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, 2020ರಲ್ಲಿ, ಪಕ್ಕದ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ ಒಂದು ಗಂಡಿಗೆ ರೋಗ ಸಿಕ್ಕಿತು. ಅದಕ್ಕೂ ಮೊದಲು ಅಲ್ಲಿ ಸಾವಿರಾರು ತಲೆಗಳ ಪರೀಕ್ಷೆ ಆಗಿತ್ತು. ಎರಡನೆಯದು ಸಿಕ್ಕಿದ್ದು 2022ರಲ್ಲಿ, ಒಂದು ಹೆಣ್ಣಿಗೆ. ನಡುವಿನ ಎರಡು ವರ್ಷ ಅಲ್ಲಿಂದ ಬಂದ ಒಂದೊಂದು ತಲೆಯ ಉತ್ತರವೂ ಅದೇ: ಕಂಡುಬಂದಿಲ್ಲ.