ಬಾಗಿಲು ಹಾಕಿಕೊಂಡ ಕ್ಲಬ್ಬಿನಿಂದ ಸ್ತ್ರೀವಾದಕ್ಕೆ ಒಳ್ಳೆಯದಾಯಿತೇ?

ಪರ: ಮೊದಲು ತಮ್ಮತಮ್ಮಲ್ಲೇ ಮಾತಾಡಬೇಕಿತ್ತು

1912ರ ನ್ಯೂಯಾರ್ಕ್. ಕವಿಗಳು, ಚಿತ್ರಕಾರರು, ಚಳವಳಿಗಾರರೆಲ್ಲ ಬಂದು ಸೇರಿಕೊಂಡಿದ್ದ ಗ್ರೀನಿಚ್ ವಿಲೇಜ್. ಅಲ್ಲಿ ಮೇರಿ ಜೆನ್ನಿ ಹೋವ್ ಹೆಂಗಸರಿಗೆಂದೇ ‘ಹೆಟರೊಡಾಕ್ಸಿ’ ಕ್ಲಬ್ ಕಟ್ಟಿದರು. ವಾರ ಬಿಟ್ಟು ವಾರ ಶನಿವಾರ ಊಟ, ಜೊತೆಗೆ ಚರ್ಚೆ. ಅಲ್ಲಿ ಆಡಿದ ಮಾತನ್ನು ಯಾರೂ ಬರೆದಿಡುವಂತಿರಲಿಲ್ಲ.

ನನಗೆ ಮುಖ್ಯ ಅನ್ನಿಸುವುದು ಈ ನಿಯಮವೇ. ಗರ್ಭನಿರೋಧದ ಮಾಹಿತಿಯನ್ನು ಅಂಚೆಯಲ್ಲಿ ಕಳಿಸಿದರೂ ಅಪರಾಧವಾಗುತ್ತಿದ್ದ ಕಾಲ ಅದು. ಮದುವೆ, ಮೈ, ಮಕ್ಕಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಲು ಇನ್ನೆಲ್ಲಿ ಜಾಗವಿತ್ತು?

ಬಂದವರೂ ಸುಮ್ನೆ ಹರಟೆ ಹೊಡೆಯುವವರಲ್ಲ. ಮುಟ್ಟಿನ ದಿನಗಳಲ್ಲಿ ಹೆಂಗಸರ ಬುದ್ಧಿ ಮಂಕಾಗುತ್ತದೆ ಅಂತ ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದರು. ಕ್ಲಬ್ಬಿನ ಸದಸ್ಯೆ, ಮನೋವಿಜ್ಞಾನಿ ಲೀಟಾ ಹಾಲಿಂಗ್‌ವರ್ತ್ ಹೆಂಗಸರಿಗೆ ದಿನವೂ ಪರೀಕ್ಷೆ ಕೊಟ್ಟು, 1914ರಲ್ಲಿ ಅದು ಸುಳ್ಳು ಅಂತ ತೋರಿಸಿದರು. ಹೆರಿಗೆಯಾದ ಟೀಚರುಗಳ ಕೆಲಸ ಉಳಿಸಲು ಹೋರಾಡಿದ ಇನ್ನೊಬ್ಬ ಸದಸ್ಯೆ, ಟೀಚರ್ ಹೆನ್ರಿಯೆಟಾ ರಾಡ್‌ಮನ್ ಅಮಾನತಾದರು. ಹೊರಗೆ ಒಂಟಿಯಾಗಿ ಬೈಸಿಕೊಳ್ಳುವವರಿಗೆ ಒಳಗೆ ಹತ್ತು ಜನ ‘ನೀನು ಸರಿ’ ಅನ್ನುವುದು ಸಣ್ಣ ವಿಷಯವೇನಲ್ಲ. 1914ರ ಫೆಬ್ರವರಿಯಲ್ಲಿ ಹೋವ್ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಸ್ತ್ರೀವಾದದ ಬಗ್ಗೆ ಬಹಿರಂಗ ಸಭೆಗಳನ್ನೇ ನಡೆಸಿದರು. ಮಾತು ಒಳಗೇ ಉಳಿಯಲಿಲ್ಲ, ಅಲ್ವಾ?

ವಿರೋಧ: ಊಟದ ಮೇಜಿಗೆ ಯಾರು ಬರಲಿಲ್ಲ?

ಅದೇ ಕೂಪರ್ ಯೂನಿಯನ್ನಿನಲ್ಲಿ, 1909ರ ನವೆಂಬರಿನಲ್ಲೇ, ಕ್ಲಾರಾ ಲೆಮ್ಲಿಚ್ ಎಂಬ ಹೊಲಿಗೆ ಕೆಲಸದ ಹುಡುಗಿ ವೇದಿಕೆ ಹತ್ತಿದ್ದಳು. ನಾಯಕರ ಉದ್ದುದ್ದ ಭಾಷಣ ಕೇಳಿ ಸಾಕಾಗಿ, ಮುಷ್ಕರ ಹೂಡೋಣ ಅಂತ ಯಹೂದಿ ವಲಸಿಗರ ಯಿಡ್ಡಿಶ್ ಭಾಷೆಯಲ್ಲಿ ಕೂಗಿ ಹೇಳಿದಳು. ಸುಮಾರು 20,000 ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಹುಪಾಲು ಹುಡುಗಿಯರೇ. ಅವರಿಗೆ ಕ್ಲಬ್ ಬೇಕಾಗಲಿಲ್ಲ, ಕಾರ್ಮಿಕ ಸಂಘ ಬೇಕಿತ್ತು.

1911ರಲ್ಲಿ ಟ್ರಯಾಂಗಲ್ ಎಂಬ ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಆ ಕಟ್ಟಡ ಇದ್ದದ್ದು ಗ್ರೀನಿಚ್ ವಿಲೇಜಿನಲ್ಲೇ. ಹೊರಹೋಗುವ ಬಾಗಿಲಿಗೆ ಬೀಗ ಹಾಕಿತ್ತು. ಆ ಹುಡುಗಿಯರ ಜೊತೆ ಹೊಲಿಗೆ ಯಂತ್ರಕ್ಕೆ ಕೂತವರಿಗೆ ಶನಿವಾರವೂ ಕೆಲಸದ ದಿನ. ಮಧ್ಯಾಹ್ನದ ಊಟಕ್ಕೆ, ಚರ್ಚೆಗೆ ಅವರು ಬರುವುದಾದರೂ ಹೇಗೆ?

ಕಾರ್ಮಿಕ ನಾಯಕಿ ಎಲಿಜಬೆತ್ ಗರ್ಲಿ ಫ್ಲಿನ್ ಕ್ಲಬ್ಬಿನಲ್ಲಿದ್ದರು, ಒಪ್ಪುತ್ತೇನೆ. ಆದರೆ ಬಹುತೇಕರು ಓದಿದವರು, ಬಿಳಿಯರು. ಕಪ್ಪು ಸದಸ್ಯೆ ಗ್ರೇಸ್ ನೇಲ್ ಜಾನ್ಸನ್ ಒಬ್ಬರೇ.

ರಾಡ್‌ಮನ್ ಸಾಮೂಹಿಕ ಅಡುಗೆಮನೆ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರುವ ವಸತಿಯ ಯೋಜನೆ ಹಾಕಿದ್ದರು. ಕೇಳಲು ಚೆಂದ. ಅಲ್ಲಿ ಪಾತ್ರೆ ತೊಳೆಯುವವರು ಮಾತ್ರ ಸಂಬಳಕ್ಕೆ ಬರುವ ಬೇರೆ ಜನ. ಆ ಕೆಲಸದವಳ ಮಗುವನ್ನು ಯಾರು ನೋಡಿಕೊಳ್ಳಬೇಕಿತ್ತು? ಸ್ತ್ರೀವಾದದ ಚರ್ಚೆ ಆ ಪ್ರಶ್ನೆಯಿಂದಲೇ ಶುರುವಾಗಬೇಕಿತ್ತು.