ಅಷ್ಟೋತ್ತರ ಶತ ಪುಟಗಳ ಪಾಪನಿವೇದನೆ

ಮೊದಲ ಪರಮಪ್ರಸಾದಕ್ಕೆ, ಎಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸಲು, ಸಿದ್ಧವಾಗುವ ಕಥೋಲಿಕ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುವ ಪಾಠವೆಂದರೆ ಪಾಪನಿವೇದನೆ. ಪಕ್ಕದವನ ಪೆನ್ಸಿಲು ಎತ್ತಿಕೊಂಡದ್ದು, ಅಮ್ಮನಿಗೆ ಸುಳ್ಳು ಹೇಳಿದ್ದು, ಅದೂ ಎಷ್ಟು ಸಲ ಹೇಳಿದ್ದು, ಇವನ್ನೆಲ್ಲ ಲೆಕ್ಕ ತಪ್ಪದಂತೆ ಗುರುಗಳ (ಪಾದ್ರಿಗಳ) ಮುಂದೆ ಮಂಡಿಯೂರಿ ಒಪ್ಪಿಸಬೇಕು. ಎಂಟು ವರ್ಷದ ಮಗುವಿಗೆ ಕಡ್ಡಾಯವಾಗಿರುವ ಈ ಲೆಕ್ಕಪರಿಶೋಧನೆಯನ್ನು ಧರ್ಮಾಧ್ಯಕ್ಷರೊಬ್ಬರ (ಬಿಷಪ್ಪರ) ಖಜಾನೆಗೂ ಅನ್ವಯಿಸಿದರೆ ಏನಾದೀತೆಂಬ ಪ್ರಯೋಗ ಜರ್ಮನಿಯ ಲಿಂಬುರ್ಗ್ ಧರ್ಮಪ್ರಾಂತ್ಯದಲ್ಲಿ, ಎಂದರೆ ಅವರ ಆಡಳಿತದ ಸೀಮೆಯಲ್ಲಿ, ಒಮ್ಮೆ ನಡೆಯಿತು. ನಿವೇದನೆ 108 ಪುಟಗಳಷ್ಟು ಉದ್ದವಾಯಿತು, ಅದನ್ನೂ ಬೇರೆಯವರೇ ಬರೆಯಬೇಕಾಯಿತು.

ಲಾನ್ ನದಿಯ ದಡದ ಗುಡ್ಡದ ಮೇಲೆ ಏಳು ಗೋಪುರಗಳ ಪ್ರಧಾನಾಲಯವನ್ನು (ಧರ್ಮಾಧ್ಯಕ್ಷರ ಪೀಠವಿರುವ ಚರ್ಚನ್ನು) ಹೊತ್ತ ಊರು ಲಿಂಬುರ್ಗ್. ಹಳೆಯ ಪಶ್ಚಿಮ ಜರ್ಮನಿಯ ಅತಿ ದೊಡ್ಡ ನೋಟಾದ ಸಾವಿರ ಮಾರ್ಕಿನ ಹಿಂಬದಿಯಲ್ಲಿ ಅಚ್ಚಾಗಿದ್ದದ್ದು ಇದೇ ಪ್ರಧಾನಾಲಯ. ಅಂಥ ಊರಿನ ಧರ್ಮಾಧ್ಯಕ್ಷರು ಚಿಲ್ಲರೆ ಲೆಕ್ಕ ಇಡಬೇಕೆಂದು ಬಯಸುವುದೇ ಅಪಚಾರವೆಂಬ ಸತ್ಯವನ್ನು 2008ರಲ್ಲಿ ಪೀಠವೇರಿದ ಫ್ರಾನ್ಸ್-ಪೀಟರ್ ಟೆಬಾರ್ಟ್ಸ್-ಫಾನ್ ಎಲ್ಸ್ಟ್ ಅವರಷ್ಟು ಚೆನ್ನಾಗಿ ಬೇರಾರೂ ಅರಿತಿರಲಿಲ್ಲ.

ಅವರು ಪ್ರಧಾನಾಲಯದ ಎದುರಿಗೇ ತಮ್ಮ ವಾಸದ ಮನೆಯನ್ನೂ ಒಳಗೊಂಡ ಧರ್ಮಪ್ರಾಂತ್ಯ ಕೇಂದ್ರವೊಂದನ್ನು ಕಟ್ಟಿಸಿದರು. ಬಡವರ ಮನೆಯೊಳಕ್ಕೆ ಇರುಳಲ್ಲಿ ಗುಟ್ಟಾಗಿ ಹಣದ ಗಂಟು ಎಸೆದು ಹೋದನೆಂದು ಪ್ರತೀತಿಯಿರುವ ಸಂತ ನಿಕೋಲಸನ ಹೆಸರನ್ನು ಅದಕ್ಕಿಟ್ಟರು. ಗುಟ್ಟಿನ ಮಟ್ಟಿಗೆ ಸಂತನ ಆದರ್ಶವನ್ನು ಚಾಚೂ ತಪ್ಪದೆ ಪಾಲಿಸಲಾಯಿತೆಂದು ಒಪ್ಪಲೇಬೇಕು. ಆರಂಭದಲ್ಲಿ 55 ಲಕ್ಷ ಯೂರೊ ಎಂದಿದ್ದ ಅಂದಾಜು 2013ರ ಬೇಸಿಗೆಗೆ 98.5 ಲಕ್ಷವಾಯಿತು, ಅದೇ ಶರತ್ಕಾಲಕ್ಕೆ 3.1 ಕೋಟಿಯೆಂದು ಬಯಲಾಯಿತು. ಅಂದಿನ ದರದಲ್ಲಿ ಅದು ಇನ್ನೂರೈವತ್ತು ಕೋಟಿ ರೂಪಾಯಿಗೂ ಹೆಚ್ಚು. ಐವತ್ತು ಲಕ್ಷ ಯೂರೊ ದಾಟಿದರೆ ವ್ಯಾಟಿಕನ್ನಿನ ಅನುಮತಿ ಬೇಕಾಗುತ್ತದೆಂಬ ಕಾರಣಕ್ಕೆ ಕಾಮಗಾರಿಯನ್ನು ಹತ್ತು ತುಂಡು ಮಾಡಲಾಯಿತೆಂದು ಜರ್ಮನ್ ಪತ್ರಿಕೆಗಳು ಬರೆದವು. ರಾಮನ ಲೆಕ್ಕ, ಕೃಷ್ಣನ ಲೆಕ್ಕವೆಂಬ ವಿದ್ಯೆ ನಮ್ಮ ಗುತ್ತಿಗೆದಾರರ ಸ್ವತ್ತೆಂದು ನಂಬಿದ್ದ ನಾವು ಈ ವಿಷಯದಲ್ಲಿ ಸ್ವಲ್ಪ ವಿನಯ ಕಲಿಯಬೇಕು.

ಹಂಡೆಯ ನೀರಿನಲ್ಲಿ ಮಿಂದು ಬೆಳೆದವರಿಗೆ ಅಲ್ಲಿನ ಸ್ನಾನದ ತೊಟ್ಟಿಯ ಮಹಿಮೆಯನ್ನು ವಿವರಿಸುವುದು ಸುಲಭವಲ್ಲ. ಅದರ ಬೆಲೆ 15,000 ಯೂರೊ, ಎಂದರೆ ಹನ್ನೆರಡು ಲಕ್ಷ ರೂಪಾಯಿ ದಾಟುತ್ತದೆ. ಗೋಡೆಯಲ್ಲಿ ಕೂರಿಸಿದ ಬೀರುಗಳಿಗೆ ಮೂರೂವರೆ ಲಕ್ಷ ಯೂರೊ ಆಯಿತೆಂದು ವರದಿಯಾಯಿತು. ದಾರಿದ್ರ್ಯದ ಸುವಾರ್ತೆ ಸಾರುವವರ ಬಟ್ಟೆಬರೆಗೆ ಅಷ್ಟು ಜಾಗ ಏಕೆ ಬೇಕೆಂದು ಕೇಳುವುದು ಸಭ್ಯತೆಯಲ್ಲ. ಕೊಯಿ ಮೀನುಗಳ ಕೊಳಕ್ಕೆ ಎರಡು ಲಕ್ಷ ಯೂರೊಗೂ ಮಿಕ್ಕಿ ಹಿಡಿಯಿತು. ಬಲೆ ಬಿಟ್ಟು ಯೇಸುವಿನ ಹಿಂದೆ ಹೊರಟ ಬೆಸ್ತರ ಉತ್ತರಾಧಿಕಾರಿಗಳು ಮೀನಿಗೆ ಸಲ್ಲಿಸಿದ ಪರಿಹಾರ ಅದೆಂದು ಭಾವಿಸಿ ಮುಂದೆ ಹೋಗಬಹುದು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಪ್ರಾರ್ಥನಾಲಯದಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಹಸಿರು ಮಾಲೆ. ನಾಲ್ಕು ಮೇಣದಬತ್ತಿಗಳ ಈ ಮಾಲೆ ಬಡವರ ಮನೆಯಲ್ಲಿ ಊಟದ ಮೇಜಿನ ಮೇಲಿರುತ್ತದೆ. ಧರ್ಮಾಧ್ಯಕ್ಷರಿಗೆ ಅದು ಮೇಲಿನಿಂದ ತೂಗಬೇಕೆನಿಸಿತು. ಆದಕಾರಣ ಕಟ್ಟಿ ಮುಗಿದಿದ್ದ ಮಾಡನ್ನೇ ಮತ್ತೆ ಬಿಚ್ಚಲಾಯಿತು. ಮಾಡು ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಿದವರ ಕಥೆ ಸುವಾರ್ತೆಯಲ್ಲಿದೆ. ಮೇಣದಬತ್ತಿಗಾಗಿ ಮಾಡು ಬಿಚ್ಚಿದ ಕಥೆ ಇದೊಂದೇ ಇರಬೇಕು.

ಇದೇ ಪೀಠದಲ್ಲಿ 1982ರಿಂದ 2007ರವರೆಗೆ ಕೂತಿದ್ದ ಫ್ರಾನ್ಸ್ ಕಾಂಪ್‌ಹೌಸ್ ಎಂಬವರು ಧರ್ಮಾಧ್ಯಕ್ಷರ ನಿವಾಸವನ್ನು ನಿರಾಶ್ರಿತ ಕುಟುಂಬವೊಂದಕ್ಕೆ ಬಿಟ್ಟುಕೊಟ್ಟು, ತಾವು ಪಾದ್ರಿಗಳಾಗುವವರು ಓದುವ ಗುರುಮಠದ ಕೊಠಡಿಗಳಲ್ಲಿದ್ದುಕೊಂಡು ಸಣ್ಣ ಕಾರಿನಲ್ಲಿ ಓಡಾಡಿದ್ದರು. ರೋಮ್ ಅವರನ್ನೂ ಸುಮ್ಮನೆ ಬಿಡಲಿಲ್ಲವೆನ್ನುವುದು ಗಮನಾರ್ಹ. ಗರ್ಭಪಾತಕ್ಕೆ ಬೇಕಾದ ಸಲಹಾಪತ್ರ ಕೊಡುತ್ತಿದ್ದ ಗರ್ಭಿಣಿಯರ ಸಲಹಾ ಕೇಂದ್ರಗಳ ವಿಚಾರದಲ್ಲಿ ಆತ್ಮಸಾಕ್ಷಿಗೆ ಅಂಟಿಕೊಂಡರೆಂದು 2002ರಲ್ಲಿ ಆ ವಿಷಯದ ಅಧಿಕಾರವನ್ನೇ ಅವರಿಂದ ಕಿತ್ತುಕೊಳ್ಳಲಾಯಿತು. ಹೀಗೆ ಆತ್ಮಸಾಕ್ಷಿಯ ಮೇಲೆ ಅಷ್ಟು ಬೇಗ ಬಿದ್ದ ಕಣ್ಣು, ಏರುತ್ತಲೇ ಹೋದ ಕಟ್ಟಡದ ಮೇಲೆ ಬೀಳಲು ತಡವಾಯಿತು.

ಖರ್ಚು ನೋಡಿಕೊಳ್ಳಲು ಮೂವರ ಹಣಕಾಸು ಮಂಡಳಿಯೇನೋ ಇತ್ತು. ಆದರೆ ಹಣ ಬಂದದ್ದು ‘ಧರ್ಮಾಧ್ಯಕ್ಷರ ಪೀಠ’ವೆಂಬ ಪ್ರತ್ಯೇಕ ನಿಧಿಯಿಂದ, ಸಾಮಾನ್ಯ ಭಕ್ತರಿಗೆ ಅದರ ಲೆಕ್ಕ ನೋಡುವ ಭಾಗ್ಯವಿರಲಿಲ್ಲ. ಆ ಭಕ್ತರಾದರೋ ಆದಾಯ ತೆರಿಗೆಯ ಮೇಲೆ ಶೇಕಡಾ 8ರಿಂದ 9ರಷ್ಟು ಚರ್ಚ್ ತೆರಿಗೆಯನ್ನು ಸರಕಾರದ ಮೂಲಕವೇ ಕಟ್ಟುವವರು. ಬೇಡವೆಂದರೆ ಲಿಂಬುರ್ಗ್‌ನವರು ಆಗ ಸ್ಥಳೀಯ ನ್ಯಾಯಾಲಯಕ್ಕೆ ಹೋಗಿ ಶುಲ್ಕ ತೆತ್ತು ಚರ್ಚ್ ಸಭೆಯಿಂದ ಹೊರಬರಬೇಕಿತ್ತು. ಹಾಗೆ ಹೊರಬಂದವರಿಗೆ ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ, ಮಗುವಿನ ದೀಕ್ಷಾಸ್ನಾನದಲ್ಲಿ ಜ್ಞಾನಪಿತರಾಗಿ ನಿಲ್ಲುವ ಅರ್ಹತೆಯೂ ಇಲ್ಲವೆಂದು ಜರ್ಮನ್ ಧರ್ಮಾಧ್ಯಕ್ಷರ ಮಂಡಳಿ 2012ರ ಸೆಪ್ಟೆಂಬರಿನಲ್ಲಿ ಆಜ್ಞಾಪಿಸಿತು. ಲಿಂಬುರ್ಗ್‌ನ ಮಾಡು ಏಳುತ್ತಿದ್ದ ಕಾಲವೂ ಅದೇ. ಕೊಡದವರ ಮೇಲೆ ಇಷ್ಟು ಸ್ಪಷ್ಟವಾದ ಕಾನೂನು ಬರೆಯಬಲ್ಲ ಲೇಖನಿಗೆ, ಖರ್ಚು ಮಾಡುವವರ ವಿಷಯ ಬಂದಾಗ ಮಸಿ ಒಣಗಿಹೋಗಿತ್ತು.

ಈ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾತ್ರವಿದೆ. 2012ರಲ್ಲಿ ಧರ್ಮಾಧ್ಯಕ್ಷರು ಆಡಳಿತದಲ್ಲಿ ತಮ್ಮ ಸಹಾಯಕರಾದ ಶ್ರೇಷ್ಠ ಗುರುಗಳೊಡನೆ ಭಾರತದ ಬಡಮಕ್ಕಳನ್ನು ಕಾಣಲು ವಿಮಾನದ ಪ್ರಥಮ ದರ್ಜೆಯಲ್ಲಿ ಬಂದರು. ಪತ್ರಕರ್ತನೊಬ್ಬ ಕ್ಯಾಮೆರಾದ ಮುಂದೆಯೇ ಅದನ್ನು ಕೇಳಿದಾಗ, ಬಂದದ್ದು ಬಿಸಿನೆಸ್ ದರ್ಜೆಯಲ್ಲಿ ಎಂದರು. ಮುಂದೆ ಆ ಸಂಭಾಷಣೆಯ ಬಗ್ಗೆ ಹ್ಯಾಂಬರ್ಗ್‌ನ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರಗಳು ಸುಳ್ಳೆಂದು ಸರಕಾರಿ ವಕೀಲರು ಮೊಕದ್ದಮೆ ಹೂಡಿದರು. 2013ರ ನವೆಂಬರಿನಲ್ಲಿ 20,000 ಯೂರೊ ಕಟ್ಟಿದ ಮೇಲೆ ಪ್ರಕರಣವನ್ನು ಕೈಬಿಡಲಾಯಿತು. ಬಡತನವನ್ನು ಹತ್ತಿರದಿಂದ ನೋಡಬೇಕಾದವರು ಅಲ್ಲಿಯವರೆಗಾದರೂ ಅದರಿಂದ ದೂರ ಕೂತು ಬರಬೇಕೆಂಬುದರಲ್ಲಿ ಒಂದು ತರ್ಕವಿದ್ದೀತು. ಅದೇ ವರ್ಷದ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸರಿಗೆ ವಿವರಣೆ ಕೊಡಲು ರೋಮಿಗೆ ಹೊರಟಾಗ ಮಾತ್ರ ಅವರು ಅಗ್ಗದ ವಿಮಾನ ಹಿಡಿದರು. ‘ಬಡವರಿಗಾಗಿ ಬಡ ಸಭೆ’ ಬೇಕೆಂದು ಆ ಪೋಪರು ಮಾರ್ಚ್ ತಿಂಗಳಲ್ಲಷ್ಟೇ ಹೇಳಿದ್ದರು. ಸಂದೇಶ ತಲುಪಲು ಏಳು ತಿಂಗಳು ಹಿಡಿದರೂ ತಲುಪಿತಲ್ಲ.

2014ರ ಮಾರ್ಚ್ 26ರಂದು ಅವರ ರಾಜೀನಾಮೆ ಅಂಗೀಕಾರವಾಯಿತು, ಆ 108 ಪುಟಗಳ ತನಿಖಾ ವರದಿಯೂ ಅಂದೇ ಹೊರಬಿತ್ತು. ಮಗುವಾಗಿದ್ದರೆ ಗುರುಗಳು ಹತ್ತು ಜಪಗಳ ಪ್ರಾಯಶ್ಚಿತ್ತ ವಿಧಿಸಿ ಕಳಿಸುತ್ತಿದ್ದರು. ಧರ್ಮಾಧ್ಯಕ್ಷರಿಗೆ ರೋಮಿನಲ್ಲಿ ಹುದ್ದೆಯೊಂದು ಸಿಕ್ಕಿತು. ಹೊಸ ಸುವಾರ್ತಾ ಪ್ರಸಾರದ ಪರಿಷತ್ತಿನಲ್ಲಿ ಅವರು ಧರ್ಮೋಪದೇಶದ ಪ್ರತಿನಿಧಿಯಾದರು. ಎಂದರೆ ಮಕ್ಕಳಿಗೆ ಹತ್ತು ಆಜ್ಞೆಗಳನ್ನು ಹೇಗೆ ಕಲಿಸಬೇಕೆಂದು ಜಗತ್ತಿಗೆ ತಿಳಿಸುವ ವಿಭಾಗ. ಎಂಟನೆಯ ಆಜ್ಞೆ ಸುಳ್ಳುಸಾಕ್ಷಿಯ ಕುರಿತಾದದ್ದು. ಆ ಪಾಠ ಬಂದ ದಿನ ಅವರು ಯಾವ ದರ್ಜೆಯಲ್ಲಿ ಕೂತಿದ್ದರೆಂದು ಯಾರೂ ಕೇಳಿದಂತಿಲ್ಲ.